ನೇತ್ರಾಣಿಯ ಹವಳಕ್ಕೆ ಬಿಡುವು ಬೇಕು

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬೇಸಿಗೆ ರಜೆಗೆ ಮುರ್ಡೇಶ್ವರಕ್ಕೆ ಹೋಗುವವರಲ್ಲಿ ಹಲವರು ಈಗ ದೇವರ ದರ್ಶನಕ್ಕಷ್ಟೇ ನಿಲ್ಲುವುದಿಲ್ಲ. ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಬೋಟಿನಲ್ಲಿ ಹೋಗಿ, ಈಜು ಬಾರದಿದ್ದರೂ ತರಬೇತುದಾರರ ಕೈ ಹಿಡಿದು ಸ್ಕೂಬಾ ಡೈವಿಂಗ್ ಮಾಡಿ ಬರುತ್ತಾರೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಅಪ್ಪು ಅಲ್ಲಿನ ನೀರಿಗಿಳಿದದ್ದನ್ನು ನೋಡಿದ ಮೇಲೆ ಬಯಲುಸೀಮೆಯವರಿಗೂ ಆ ದ್ವೀಪದ ಹೆಸರು ಹತ್ತಿರದ್ದಾಗಿದೆ. ಆದರೆ ನಮಗೆ ರಜೆ ಸಿಗುವ ಏಪ್ರಿಲ್-ಮೇ ತಿಂಗಳುಗಳೇ ಅಲ್ಲಿನ ಹವಳಕ್ಕೆ ವರ್ಷದ ಅತಿ ಕಷ್ಟದ ಕಾಲ. ಮಳೆಗಾಲಕ್ಕೆ ಮುನ್ನ ಅರಬ್ಬಿ ಸಮುದ್ರ ಹೆಚ್ಚು ಕಾಯುವುದು ಆಗಲೇ.

ಹವಳವೆಂದರೆ ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು ಸುಣ್ಣದ ಗೂಡು ಕಟ್ಟಿಕೊಂಡು ಒತ್ತೊತ್ತಾಗಿ ಬದುಕುವ ಸಮೂಹ. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ, ದೊಡ್ಡ ಪಾಲನ್ನು ಹವಳಕ್ಕೇ ಕೊಡುತ್ತದೆ. ಹವಳದ ಬಣ್ಣದಲ್ಲೂ ಹೆಚ್ಚಿನದು ಈ ಪಾಚಿಯದ್ದೇ. ಆ ಜಾಗದ ಬೇಸಿಗೆಯ ಗರಿಷ್ಠ ಸರಾಸರಿಗಿಂತ ನೀರು 1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದು ಸುಮಾರು ನಾಲ್ಕು ವಾರ ಹಾಗೇ ಉಳಿದರೆ ಈ ಕೊಡುಕೊಳ್ಳುವಿಕೆ ಕೆಡುತ್ತದೆ. ಪಾಚಿ ಹಾನಿಕರ ರಾಸಾಯನಿಕಗಳನ್ನು ಹೊರಬಿಡತೊಡಗುತ್ತದೆ, ಹವಳ ಅದನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಇದನ್ನೇ ಬ್ಲೀಚಿಂಗ್ ಎನ್ನುತ್ತಾರೆ. ಬಿಳಿಚಿದ ಹವಳ ಆಗಿನ್ನೂ ಸತ್ತಿರುವುದಿಲ್ಲ, ಉಪವಾಸವಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ. ಆ ಬಿಸಿ ಎಂಟು ವಾರ ಹಾಗೇ ನಿಂತರೆ ಹವಳಗಳು ದೊಡ್ಡ ಪ್ರಮಾಣದಲ್ಲಿ ಸಾಯುತ್ತವೆ.

1950ರಿಂದ 2020ರವರೆಗೆ ಹಿಂದೂ ಮಹಾಸಾಗರದ ಮೇಲ್ಮೈ ದಶಕಕ್ಕೆ ಸರಾಸರಿ 0.12 ಡಿಗ್ರಿಯಂತೆ ಕಾದಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರ ಅಂದಾಜಿನಂತೆ, 1970ರಿಂದ 2000ದ ಅವಧಿಯಲ್ಲಿ ವರ್ಷಕ್ಕೆ ಸುಮಾರು 20 ದಿನವಿದ್ದ ಸಮುದ್ರದ ಬಿಸಿ ಅಲೆಗಳು ಈ ಶತಮಾನದ ಕೊನೆಗೆ 220ರಿಂದ 250 ದಿನಕ್ಕೇರಬಹುದು. ಇದರ ಪರಿಣಾಮ ನಮ್ಮ ನೆರೆಯ ಲಕ್ಷದ್ವೀಪದಲ್ಲಿ ಕಾಣಿಸಿಕೊಂಡಾಗಿದೆ. ಅಲ್ಲಿ 1998, 2010 ಮತ್ತು 2016ರಲ್ಲಿ ದೊಡ್ಡ ಬ್ಲೀಚಿಂಗ್ ಆಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ವಿಜ್ಞಾನಿಗಳು 24 ವರ್ಷ ಅಳೆದು ನೋಡಿದಾಗ, ಜೀವಂತ ಹವಳದ ಹೊದಿಕೆ ಶೇ 37ರಿಂದ ಶೇ 20ಕ್ಕಿಂತ ಕೆಳಗೆ ಇಳಿದಿತ್ತು. ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ಬ್ಲೀಚಿಂಗ್ ಇಲ್ಲದ ಆರು ವರ್ಷ ಕಳೆದ ಮೇಲಷ್ಟೇ ಚೇತರಿಕೆ ವೇಗ ಪಡೆಯುತ್ತದೆ. 2010 ಮತ್ತು 2016ರ ನಡುವೆ ಸಿಕ್ಕಿದ್ದು ಬರೀ ಆರು ವರ್ಷ. 2024ರಲ್ಲಿ ಲಕ್ಷದ್ವೀಪದ ಹವಳ ಮತ್ತೆ ಬಿಳಿಚಿತು.

ಚೇತರಿಕೆ ನಿಂತಿರುವುದು ಮೀನುಗಳ ಮೇಲೆ. ಸತ್ತ ಹವಳದ ಮೇಲೆ ವಾರಗಳಲ್ಲೇ ಪಾಚಿ ಹಬ್ಬುತ್ತದೆ. ಗಿಳಿಯ ಕೊಕ್ಕಿನಂಥ ಬಾಯಿಯ ಪ್ಯಾರಟ್ ಮೀನುಗಳು ಅದನ್ನು ಕೆರೆದು ತಿಂದು ಕಲ್ಲನ್ನು ಬೋಳು ಮಾಡಿದರೆ ಮಾತ್ರ ಮರಿ ಹವಳಕ್ಕೆ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಇನ್ನು ಹೋಟೆಲುಗಳಲ್ಲಿ ಬೇಡಿಕೆಯಿರುವ ಮುರು ಮೀನಿನ ಜೀವನ ವಿಚಿತ್ರವಾದದ್ದು. ಅದರ ಬಹುಪಾಲು ಜಾತಿಗಳು ಹೆಣ್ಣಾಗಿ ಬೆಳೆದು, ವರ್ಷಗಳ ನಂತರ ದೊಡ್ಡದಾದ ಮೇಲೆ ಗಂಡಾಗುತ್ತವೆ. ಗಾಳ ಹಾಕುವವರು ಮೊದಲು ಹಿಡಿಯುವುದು ದೊಡ್ಡದನ್ನೇ, ಅಂದರೆ ಗಂಡನ್ನೇ. ನೀರಿನಲ್ಲಿ ಮುರು ಇನ್ನೂ ಕಾಣುತ್ತಿರುವಾಗಲೇ ಅದರ ಸಂತಾನ ಕುಸಿಯತೊಡಗಿರಬಹುದು. ಜೂನ್-ಜುಲೈ ತಿಂಗಳ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಒಳ್ಳೆಯದೇ. ಆದರೆ ಒಂದೇ ಬಂಡೆಸಾಲಿಗೆ ಕಟ್ಟುಬಿದ್ದು ನಿಧಾನವಾಗಿ ಬೆಳೆಯುವ ಇಂಥ ಮೀನಿಗೆ ಅಷ್ಟು ಬಿಡುವು ಸಾಲದು.

ಡೈವಿಂಗ್ ಬಲೆಯಷ್ಟು ಬಾಚಿಕೊಳ್ಳುವುದಿಲ್ಲ, ನಿಜ. ಆದರೂ ಹೊಸಬರ ಕಾಲಿನ ರೆಕ್ಕೆ ತಾಗಿದರೆ ಕವಲು ಹವಳ ಮುರಿಯುತ್ತದೆ, ಬೋಟಿನ ಲಂಗರು ಬಿದ್ದರೆ ದಶಕಗಳ ಬೆಳವಣಿಗೆ ಪುಡಿಯಾಗುತ್ತದೆ. ಕೆರಿಬಿಯನ್‌ನ ಬೊನೇರ್ ದ್ವೀಪದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನವು ಒಂದು ತಾಣಕ್ಕೆ ವರ್ಷಕ್ಕೆ 4,000ದಿಂದ 6,000 ಡೈವ್ ದಾಟಿದರೆ ಹಾನಿ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿತ್ತು. ಅಲ್ಲಿ ಲಂಗರು ಹಾಕುವಂತಿಲ್ಲ, ಸ್ಥಿರ ತೇಲುಬುರುಡೆಗೆ ಬೋಟು ಕಟ್ಟಬೇಕು.

ಸಮುದ್ರದ ಬಿಸಿಯನ್ನು ಕರ್ನಾಟಕವೊಂದೇ ತಗ್ಗಿಸಲಾರದು. ಆದರೆ ನೇತ್ರಾಣಿಯ ಸುತ್ತ ಎಷ್ಟು ಡೈವ್, ಎಲ್ಲಿ ಲಂಗರು, ಯಾವ ಮೀನಿಗೆ ಬಲೆ ಎಂಬುದನ್ನು ನಿರ್ಧರಿಸುವುದು ನಮ್ಮ ಕೈಯಲ್ಲೇ ಇದೆ. 2010ರ ಬ್ಲೀಚಿಂಗ್ ನಂತರ ಥಾಯ್ಲೆಂಡ್ ಪ್ರವಾಸಿಗರ ಆದಾಯ ಬಿಟ್ಟುಕೊಟ್ಟು 2011ರಲ್ಲಿ ಹಲವು ಡೈವಿಂಗ್ ತಾಣಗಳನ್ನು ಮುಚ್ಚಿತು. ನೀರಿನ ತಾಪ ಮಿತಿ ದಾಟಿದ ವಾರಗಳಲ್ಲಿ ಇಲ್ಲಿಯೂ ಡೈವಿಂಗ್ ನಿಲ್ಲಿಸುವ ನಿಯಮ ಬೇಕು. ಮುಂದಿನ ಬೇಸಿಗೆಯ ಬುಕಿಂಗ್ ಶುರುವಾಗುವ ಮುನ್ನವೇ ಅದು ಬರಬೇಕು.