ಹಿಂದಕ್ಕೆ ಹೋಗಲಾಗದ ಆಟ

ಕಂಪ್ಯೂಟರ್ ಆಟವೆಂದರೆ ಸಮಯ ಹಾಳು ಮಾಡುವ ಕೆಲಸ ಎಂಬ ಭಾವನೆ ನಿಮ್ಮಲ್ಲೂ ಇರಬಹುದು. ಕಾಲೇಜು ಮುಗಿಸಿದ ಮಗನೋ ತಮ್ಮನೋ ಬಾಗಿಲು ಮುಚ್ಚಿಕೊಂಡು ಗಂಟೆಗಟ್ಟಲೆ ಪರದೆಯ ಮುಂದೆ ಕುಳಿತರೆ ಸಿಟ್ಟು ಬರುವುದೂ ಸಹಜವೇ. ಆದರೆ ವಾರಗಟ್ಟಲೆ ಆಡಿದ ಆಟ ಒಂದು ಕ್ಷಣದಲ್ಲಿ ಮುಗಿದುಹೋಗಿ ಆತ ಊಟವೂ ಬೇಡವೆಂದು ಮಂಕಾಗಿ ಕುಳಿತಿದ್ದರೆ? 'ಆಟ ತಾನೆ, ಅದಕ್ಕೇಕೆ ಇಷ್ಟು ಬೇಸರ?' ಎಂದು ಕೇಳುವ ಮೊದಲು ಅವನು ಕಳೆದುಕೊಂಡದ್ದೇನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ.

ಬಾಲ್ಡರ್ಸ್ ಗೇಟ್ 3 ಎಂಬ ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಬೆಲ್ಜಿಯಮ್‌ನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಇದನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಕೊನೆಗೆ ಆಟಗಳ ಜಗತ್ತಿನ ದೊಡ್ಡ ಸಮಾರಂಭವೊಂದರಲ್ಲಿ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿಯೂ ಇದಕ್ಕೆ ಸಿಕ್ಕಿತು. ಅಮೇರಿಕದಲ್ಲಿ 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟದ ನಿಯಮಗಳೇ ಇದಕ್ಕೆ ಆಧಾರ. ಗೆಳೆಯರು ಮೇಜಿನ ಸುತ್ತ ಕುಳಿತು, ತಲಾ ಒಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟವದು.

ಮೆದುಳಿನೊಳಗೆ ಪರಾವಲಂಬಿ ಹುಳುವೊಂದು ಹೊಕ್ಕ ಕೆಲವರು ಅದಕ್ಕೆ ಮದ್ದು ಹುಡುಕುತ್ತಾ ಹೊರಡುವುದು ಇಲ್ಲಿನ ಕಥೆ. ತಂಡದಲ್ಲಿ ನಾಲ್ವರು. ಕಥೆಯನ್ನು ಪೂರ್ತಿ ಮುಗಿಸಲು 50 ಗಂಟೆಗೂ ಹೆಚ್ಚು ಬೇಕು. ಮೂಲೆ ಮೂಲೆ ಹುಡುಕುತ್ತಾ ಹೋಗುವವರಿಗೆ ನೂರು ಗಂಟೆಯೂ ಸಾಲದು.

ಒಂದೇ ಸೇವ್, ಒಂದೇ ಅವಕಾಶ

ಸಾಮಾನ್ಯವಾಗಿ ಇಂತಹ ಆಟಗಳಲ್ಲಿ ಆಡಿದಷ್ಟನ್ನು ದಾಖಲಿಸಿಡಬಹುದು. ಇದಕ್ಕೆ 'ಸೇವ್' ಎನ್ನುತ್ತಾರೆ. ಸೋತರೆ ಹಳೆಯ ಸೇವ್ ತೆರೆದು ಮತ್ತೆ ಅಲ್ಲಿಂದಲೇ ಆರಂಭ. ಆಡಿದ ಮಾತು ತಪ್ಪಾದರೂ ಅಷ್ಟೆ, ಹಿಂದಕ್ಕೆ ಹೋಗಿ ಬೇರೆ ಮಾತು ಆಡಿದರಾಯಿತು.

2023ರ ನವೆಂಬರ್ 30ರಂದು ಲಾರಿಯನ್ ಈ ಆಟಕ್ಕೆ 'ಆನರ್ ಮೋಡ್' ಎಂಬ ಅತಿ ಕಠಿಣ ಹಂತವನ್ನು ಸೇರಿಸಿತು. ಇದರಲ್ಲಿ ಇರುವುದು ಒಂದೇ ಸೇವ್. ಆಟ ಮುಂದುವರಿದಂತೆ ಹೊಸದು ಹಳೆಯದರ ಮೇಲೆಯೇ ದಾಖಲಾಗುತ್ತದೆ, ಹಿಂದಿನದು ಅಳಿಸಿಹೋಗುತ್ತದೆ. ಮೇಲಾಗಿ ಇಲ್ಲಿನ ದೊಡ್ಡ ಶತ್ರುಗಳಿಗೆ ಬೇರೆ ಹಂತಗಳಲ್ಲಿಲ್ಲದ ವಿಶೇಷ ಶಕ್ತಿಗಳಿವೆ. ಅವು ತಮ್ಮ ಸರದಿ ಬರುವ ತನಕ ಸುಮ್ಮನೆ ಕಾಯುವುದಿಲ್ಲ, ನಿಮ್ಮ ಸರದಿಯಲ್ಲೂ ಎದುರೇಟು ಕೊಡುತ್ತವೆ. ತಂಡದ ಎಲ್ಲರೂ ಸತ್ತರೆ ಆ ಪಯಣ ಮುಗಿದಂತೆ. ಬೇಕಿದ್ದರೆ ಕಥೆ ಮುಂದುವರಿಸಬಹುದು, ಆದರೆ ಆನರ್ ಮೋಡ್‌ನ ಗೌರವ ಅಲ್ಲಿಗೆ ಹೋಯಿತು.

ಗೆದ್ದವರಿಗೆ ಸಿಗುವುದೇನು ಗೊತ್ತೇ? ಪರದೆಯ ಮೇಲೆ ಉರುಳುವ ಒಂದು ಚಿನ್ನದ ಬಣ್ಣದ ದಾಳ. ಅಷ್ಟೇ!

ಧೈರ್ಯಕ್ಕಿಂತ ಸಿದ್ಧತೆ

ಇಲ್ಲಿ ಗೆಲ್ಲುವವನು ಮುನ್ನುಗ್ಗುವವನಲ್ಲ. ಒಂದು ರಾತ್ರಿ ಪೂರ್ಣ ವಿಶ್ರಾಂತಿ ಪಡೆಯಲು ಸಾಧಾರಣ ಹಂತದಲ್ಲಿ 40 ಅಂಕದಷ್ಟು ಆಹಾರ ಸಾಕು, ಆನರ್ ಮೋಡ್‌ನಲ್ಲಿ 80 ಬೇಕು. ಹಾಗಾಗಿ ಹೋದಲ್ಲೆಲ್ಲಾ ರೊಟ್ಟಿ, ಹಣ್ಣು, ಗಿಣ್ಣು ಆಯ್ದುಕೊಂಡೇ ಹೋಗಬೇಕು. ತಿಂಗಳ ಸಾಮಾನಿನ ಲೆಕ್ಕ ಇಡುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಲ್ಲಿ ನಾಲಗೆಯೂ ಪ್ರಾಣ ತೆಗೆಯುತ್ತದೆ. ವ್ಲಾಕಿತ್ ಎಂಬ ರಾಣಿಯ ಎದುರು ಮತ್ತೆ ಮತ್ತೆ ಉದ್ಧಟತನ ತೋರಿದರೆ ಕತ್ತಿ ಎತ್ತುವ ಮೊದಲೇ ಸಾವು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ.

ಇನ್ನು ಅದೃಷ್ಟ. ದಾಳಕ್ಕೆ ಇಪ್ಪತ್ತು ಮುಖಗಳು. 1 ಬಿದ್ದರೆ ಎಷ್ಟೇ ಪರಿಣತನಾದರೂ ಸೋಲೇ. ಅಂದರೆ ಇಪ್ಪತ್ತರಲ್ಲಿ ಒಂದು ಸಲ ಎಲ್ಲವನ್ನೂ ಸರಿಯಾಗಿ ಮಾಡಿಯೂ ಸೋಲಬಹುದು. ಬೇರೆ ಹಂತಗಳಲ್ಲಿ ಹಳೆಯ ಸೇವ್‌ಗೆ ಹೋಗಿ ಅದನ್ನು ಅಳಿಸಿಬಿಡುತ್ತಾರೆ. ಇಲ್ಲಿ ಅದನ್ನು ನುಂಗಿಕೊಂಡು, ಉಳಿದುದರಲ್ಲಿ ದಾರಿ ಹುಡುಕಬೇಕು.

ಎಲ್ಲಕ್ಕಿಂತ ದೊಡ್ಡ ಪಾಠ ಹಿಂದೆ ಸರಿಯುವುದು. ತಂಡದ ಮೂವರು ಬಿದ್ದರೂ ಒಬ್ಬ ತಪ್ಪಿಸಿಕೊಂಡು ಶಿಬಿರ ಸೇರಿದರೆ ಸಾಕು. ಅಲ್ಲಿರುವ ವಿದರ್ಸ್ ಎಂಬ ಪಾತ್ರ ತಲಾ 200 ಚಿನ್ನದ ನಾಣ್ಯ ಪಡೆದು ಸತ್ತವರನ್ನು ಮರಳಿ ಎಬ್ಬಿಸುತ್ತದೆ. ಅದಕ್ಕೇ ಅನುಭವಸ್ಥರು ಒಬ್ಬನನ್ನು ಕಾಳಗದಿಂದ ದೂರ ನಿಲ್ಲಿಸಿರುತ್ತಾರೆ. ಓಡಿಹೋಗಲು ನಾಚಿದವರ ಆಟ ಅಲ್ಲಿಯೇ ಮುಗಿಯುತ್ತದೆ.

ನೀವು ಗಮನಿಸಬೇಕಾದದ್ದು

ದಾಳವೆಂದೊಡನೆ ಜೂಜಿನ ಸಂಶಯ ಬರಬಹುದು. ಇಲ್ಲಿ ಹಣ ಕಟ್ಟುವುದಿಲ್ಲ. ಒಮ್ಮೆ ಆಟ ಕೊಂಡ ಬಳಿಕ ಒಳಗೆ ಶಕ್ತಿ, ಆಯುಧಗಳನ್ನು ದುಡ್ಡು ಕೊಟ್ಟು ಖರೀದಿಸುವ ವ್ಯವಸ್ಥೆಯೂ ಇಲ್ಲ. ಆದರೆ ಇದು ಮಕ್ಕಳ ಆಟವಲ್ಲ ಎಂಬುದನ್ನು ಮರೆಯಬೇಡಿ. ರಕ್ತಪಾತವಿದೆ, ಅಶ್ಲೀಲ ದೃಶ್ಯಗಳಿವೆ. ಯುರೋಪಿನಲ್ಲಿ ಇದಕ್ಕೆ 18 ವರ್ಷದ ಗುರುತು, ಅಮೇರಿಕದಲ್ಲಿ 17. ನಗ್ನತೆಯನ್ನು ಮರೆಮಾಡುವ ಆಯ್ಕೆ ಇದ್ದರೂ ಶಾಲೆಗೆ ಹೋಗುವ ಮಕ್ಕಳ ಕೈಗೆ ಇದನ್ನು ಕೊಡಬಾರದು.

'ಈಗ ನಿಲ್ಲಿಸಲಾಗುವುದಿಲ್ಲ' ಎಂಬ ಉತ್ತರವನ್ನೂ ಪೂರ್ತಿ ನಂಬಬೇಡಿ. ಇಲ್ಲಿನ ಕಾಳಗ ಸರದಿಯ ಪ್ರಕಾರ ನಡೆಯುತ್ತದೆ. ಆಡುವವನ ಸರದಿ ಬಂದಾಗ ಆಟ ಅವನಿಗಾಗಿ ಕಾಯುತ್ತದೆ. ಊಟ ಮಾಡಿ, ಮಲಗಿದ್ದ ಅಜ್ಜಿಗೆ ಮಾತ್ರೆ ಕೊಟ್ಟು ಬಂದರೂ ಶತ್ರು ನಿಂತಲ್ಲೇ ನಿಂತಿರುತ್ತಾನೆ. ಗೆಳೆಯರೊಡನೆ ಸೇರಿ ಆಡುವಾಗ ಮಾತ್ರ ಇನ್ನೊಬ್ಬರೂ ಕಾಯುತ್ತಿರುತ್ತಾರೆ, ಆಗ ಮೊದಲೇ ಸಮಯ ಹೇಳಿಟ್ಟರೆ ಜಗಳವಿರುವುದಿಲ್ಲ. ಆಡುವ ಗಂಟೆಗಳಿಗೆ ಮಿತಿ ಹಾಕುವುದೂ ತಪ್ಪಲ್ಲ. ನಿದ್ದೆಗೆಟ್ಟ ಕಣ್ಣುಗಳಿಂದ ಆಡಿದವರು ಈ ಹಂತದಲ್ಲಿ ಬೇಗ ಸೋಲುತ್ತಾರೆ.

ಆದರೂ ಒಂದು ದಿನ ಆತ ಸೋತು ಕುಳಿತಾಗ ಹಂಗಿಸಬೇಡಿ. ನೂರು ಗಂಟೆ ನೇಯ್ದ ಬಟ್ಟೆ ಹರಿದರೆ ನೇಯ್ದವನಿಗೆ ನೋವಾಗದೇ? ಪಕ್ಕದಲ್ಲಿ ಕುಳಿತು 'ಎಲ್ಲಿ ಸೋತೆ? ಇನ್ನೊಮ್ಮೆ ಆದರೆ ಏನು ಮಾಡುತ್ತಿದ್ದೆ?' ಎಂದು ಕೇಳಿ ನೋಡಿ. ಆತ ಬಾಯಿ ಬಿಡುತ್ತಾನೆ. ಯಾವಾಗ ಹಿಂದೆ ಸರಿಯಬೇಕಿತ್ತು ಎಂಬುದನ್ನು ಅವನೇ ಹೇಳುತ್ತಾನೆ. ನಾಳೆ ಪರೀಕ್ಷೆಯಲ್ಲೋ ಉದ್ಯೋಗದಲ್ಲೋ ಸೋಲು ಬಂದಾಗಲೂ ಆ ಮಾತುಗಳನ್ನು ನಿಮ್ಮೊಡನೆಯೇ ಹೇಳಿಕೊಳ್ಳುವ ಅಭ್ಯಾಸ ಅವನಿಗಾಗಲಿ.