ಫ್ಲಶಿಂಗ್ ಲೈಬ್ರರಿಯಲ್ಲಿ ಬಯೋಡೇಟಾಕ್ಕೆ ಕತ್ತರಿ

ನ್ಯೂಯಾರ್ಕಿಗೆ ಹೋದ ಕನ್ನಡಿಗರು ಫ್ಲಶಿಂಗ್ ಕಡೆ ಹೋಗುವುದು ಗಣಪತಿ ದರ್ಶನಕ್ಕೆ, ಆಮೇಲೆ ದೇವಸ್ಥಾನದ ಕ್ಯಾಂಟೀನಿನ ದೋಸೆಗೆ. ಕೆಲವರಿಗೆ ದೋಸೆ ಮೊದಲು. ನಾನೂ ಆ ಪಂಗಡದವನೇ. ತಿಂದು, 7ನೇ ನಂಬರಿನ ರೈಲು ಹಿಡಿಯಲು ಮೇನ್ ಸ್ಟ್ರೀಟಿಗೆ ನಡೆದು ಬಂದರೆ ಎದುರಿಗೇ ಕ್ವೀನ್ಸ್ ಪಬ್ಲಿಕ್ ಲೈಬ್ರರಿಯ ಫ್ಲಶಿಂಗ್ ಶಾಖೆ. ರೈಲು ಹೋದರೆ ಹೋಗಲಿ ಎಂದುಕೊಂಡೆ.

ಗಾಜಿನ ಈ ಕಟ್ಟಡ 1998ರದು. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮೆಟ್ಟಿಲುಗಳು. ಕೊರಿಯಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಕಲಾವಿದೆ ಯಾಂಗ್ ಸೂನ್ ಮಿನ್, ಮೆಟ್ಟಿಲುಗಳ ಮುಂಬದಿಯ ಕಲ್ಲಿನಲ್ಲಿ ನಾನಾ ದೇಶಗಳ ಕಥೆ-ಕಾವ್ಯಗಳ ಹೆಸರು ಕೆತ್ತಿಸಿದ್ದಾರೆ. ಆದರೆ ಓದುವುದು ಹೇಗೆ? ಜಾಗವಿದ್ದಲ್ಲೆಲ್ಲ ಜನ ಕೂತಿರುತ್ತಾರೆ. ಬನ್ ತಿನ್ನುವವರು, ಫೋನಿನಲ್ಲಿ ಜಗಳವಾಡುವವರು, ಸುಮ್ಮನೆ ಬಿಸಿಲು ಕಾಯುವವರು. ಅವರ ಕಾಲುಗಳ ಸಂದಿಯಲ್ಲಿ ಮಹಾಕಾವ್ಯ ಹುಡುಕಲು ಹೋಗಿ ಚೀನೀ ಅಜ್ಜಿಯೊಬ್ಬರಿಂದ ಚೆನ್ನಾಗಿ ಗುರಾಯಿಸಿಕೊಂಡೆ. ಸಾಹಿತ್ಯದ ಮೇಲೆ ಇಷ್ಟು ನಿಶ್ಚಿಂತೆಯಿಂದ ಕೂತ ಜನರನ್ನು ಬೇರೆಲ್ಲೂ ನೋಡಿಲ್ಲ.

ಒಳಗೆ ಕೆಲಸ ಹುಡುಕುವವರಿಗಾಗಿ ಒಂದು ತರಗತಿ ನಡೆದಿತ್ತು. ಹಿಂದಿನ ಕುರ್ಚಿಯಲ್ಲಿ ಕೂರುತ್ತೇನೆಂದಾಗ ಯಾರೂ ಬೇಡವೆನ್ನಲಿಲ್ಲ. ಐವತ್ತರ ಆಸುಪಾಸಿನ ಬಾಂಗ್ಲಾದೇಶಿಯೊಬ್ಬರ ಬಯೋಡೇಟಾ ಪರದೆಯ ಮೇಲಿತ್ತು. ಮೂಲೆಯಲ್ಲಿ ಟೈ ಕಟ್ಟಿದ ಫೋಟೊ. ಕೆಳಗೆ ತಂದೆಯ ಹೆಸರು, ಹುಟ್ಟಿದ ತಾರೀಖು, ಧರ್ಮ, ವಿವಾಹಿತ, ಮಕ್ಕಳು ಇಬ್ಬರು. ಪಾಠ ಹೇಳುತ್ತಿದ್ದ ಹೆಂಗಸು ಒಂದೊಂದಾಗಿ ಅಳಿಸುತ್ತ ಹೋದರು. ಇಲ್ಲಿ ವಯಸ್ಸು, ಧರ್ಮ ನೋಡಿ ಕೆಲಸ ನಿರಾಕರಿಸುವುದು ಕಾನೂನುಬಾಹಿರ. ಕೇಳಬಾರದ್ದನ್ನು ನೀವಾಗಿ ಏಕೆ ಹೇಳುತ್ತೀರಿ ಎಂಬುದು ಅವರ ವಾದ. ಹಾಳೆ ಅರ್ಧ ಖಾಲಿಯಾಯಿತು. "ಹಾಗಾದರೆ ನಾನು ಯಾರು ಅಂತ ಅವರಿಗೆ ಗೊತ್ತಾಗುವುದು ಹೇಗೆ?" ಎಂದರು ಆತ, ಸ್ವಲ್ಪ ಮುನಿಸಿನಿಂದಲೇ. ಕೇಳಿ ಕೇಳಿ ಹೊರಬಂದದ್ದು: ಊರಲ್ಲಿ ಔಷಧಿ ಅಂಗಡಿಯ ದಾಸ್ತಾನು, ಲೆಕ್ಕ, ಕೈಕೆಳಗಿನ ಹುಡುಗರು ಎಲ್ಲ ಅವರ ಉಸ್ತುವಾರಿಯಲ್ಲಿದ್ದವು. ಅದನ್ನು ಬರೆದಿರಲೇ ಇಲ್ಲ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದೇ? ಇಂಗ್ಲಿಷ್ ಅವರಿಗೆ ತಕ್ಕಮಟ್ಟಿಗೆ ಬರುತ್ತಿತ್ತು. ಕಷ್ಟವಾಗಿದ್ದು ಈ ಸಂಕೋಚ ಬಿಡುವುದು.

ಇತಿಹಾಸ ಚಿಕ್ಕದಾಗಿ ಹೇಳುವುದಾದರೆ, ವಲಸಿಗರಿಗಾಗಿ ಈ ಲೈಬ್ರರಿ 'ನ್ಯೂ ಅಮೆರಿಕನ್ಸ್' ಕಾರ್ಯಕ್ರಮ ಶುರುಮಾಡಿದ್ದು 1977ರಲ್ಲಿ. ನಾನು ದೋಸೆ ತಿಂದು ಬಂದ ಬೌನ್ ಸ್ಟ್ರೀಟಿನ ದೇವಸ್ಥಾನದ ಗಣಪತಿಗೆ ಪ್ರತಿಷ್ಠೆಯಾದದ್ದೂ ಅದೇ ವರ್ಷ! ಕಾಕತಾಳೀಯವೇ, ಆದರೂ 1965ರಲ್ಲಿ ಅಮೆರಿಕ ವಲಸೆ ಕಾನೂನು ಸಡಿಲಿಸಿದ ಮೇಲೆ ಬಂದ ಏಷ್ಯಾದವರಿಗೆ ದೇವರೂ ಬೇಕಿತ್ತು, ಇಂಗ್ಲಿಷೂ ಬೇಕಿತ್ತು. ಈಗ ಫ್ಲಶಿಂಗ್ ಇರುವ, ನ್ಯೂಯಾರ್ಕಿನ ಕ್ವೀನ್ಸ್ ಭಾಗದ ನಿವಾಸಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಲೈಬ್ರರಿಯೊಂದೇ ಇಷ್ಟನ್ನೆಲ್ಲ ನಿಭಾಯಿಸುವುದಿಲ್ಲ. ಸರ್ಕಾರದ ಅನುದಾನ, ಸ್ವಯಂಸೇವಾ ಸಂಸ್ಥೆಗಳು, ವಲಸೆ ಕಾನೂನು ಬಲ್ಲವರು ಕೈಜೋಡಿಸುತ್ತಾರೆ. ಕೋಣೆ, ಕುರ್ಚಿ, ನಂಬಿಕೆ ಲೈಬ್ರರಿಯದು.

ನಮ್ಮವರಿಗೂ ಇದು ದೂರದ ಸಂಗತಿಯಲ್ಲ. ಎಚ್-1ಬಿ ನೌಕರರ ಜೊತೆ ಎಚ್-4 ವೀಸಾದಲ್ಲಿ ಹೋದ ಗಂಡನಿಗಾಗಲಿ ಹೆಂಡತಿಗಾಗಲಿ ದುಡಿಯುವ ಹಕ್ಕಿಲ್ಲ. 2015ರಿಂದ, ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಪರವಾನಗಿ ಸಿಗುತ್ತದೆ. ಅಲ್ಲಿಯತನಕ ಎಂಜಿನಿಯರಿಂಗ್ ಓದಿದ ಸೊಸೆಯಂದಿರು ಮನೆಯಲ್ಲೇ. ಅಂಥವರಿಗೆ ಲೈಬ್ರರಿ, ಕಾಸು ಕೊಡದೆ ದಿನವಿಡೀ ಕೂರಬಹುದಾದ, ನಾಲ್ಕು ಜನರೊಡನೆ ಮಾತಾಡಬಹುದಾದ ಜಾಗ.

ಹಾಗೆಂದು ನಾನು ಪೂರ್ತಿ ಮರುಳಾಗಿಲ್ಲ. ತಿದ್ದಿದ ರೆಸ್ಯೂಮೆ ಹಿಡಿದವರಿಗೆಲ್ಲ ಕೆಲಸ ಸಿಗುವುದಿಲ್ಲ. ಮೊದಲ ಕೆಲಸ ಬಹುತೇಕ ಊರಿನವರ ಪರಿಚಯದಿಂದಲೇ. ಊರಲ್ಲಿ ಡಾಕ್ಟರಾಗಿದ್ದವರಿಗೆ ಅಲ್ಲಿ ಡಾಕ್ಟರಿಕೆಯ ಲೈಸೆನ್ಸನ್ನು ಯಾವ ಲೈಬ್ರರಿಯೂ ಕೊಡಿಸಲಾರದು. ಅದಕ್ಕಿಂತ ಸಿಟ್ಟು ಬರುವುದು ಬಜೆಟ್ ಬರೆಯುವವರ ಮೇಲೆ. ಭಾನುವಾರ ತೆರೆಯುತ್ತಿದ್ದುದೇ ಕ್ವೀನ್ಸಿನ ಎರಡು ಶಾಖೆಗಳು, ಫ್ಲಶಿಂಗ್ ಅವುಗಳಲ್ಲೊಂದು. 2023ರ ನವೆಂಬರಿನಲ್ಲಿ ನಗರಾಡಳಿತ ಅನುದಾನ ಕಡಿದಾಗ ಆ ಭಾನುವಾರಗಳೇ ಹೋದವು; ಮರಳಿ ಹಣ ಸಿಕ್ಕಿದ್ದು 2024ರ ಬೇಸಿಗೆಯ ಬಜೆಟ್ಟಿನಲ್ಲಿ. ಆರು ದಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ ಇಂಗ್ಲಿಷ್ ಕಲಿಯಲು ಉಳಿದಿರುವುದು ಆ ಒಂದೇ ದಿನ. ಕಡಿಯಲೇಬೇಕೆಂದಿದ್ದರೆ ಮಂಗಳವಾರ ಕಡಿಯಬಹುದಿತ್ತು.