ಮನೆಯ ಜಾಲಕ್ಕೊಂದು ಒಳಗೋಡೆ

2016ರ ಅಕ್ಟೋಬರ್ 21ರಂದು ಅಮೆರಿಕದ ಬಹಳಷ್ಟು ಕಡೆ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಗಂಟೆಗಟ್ಟಲೆ ತೆರೆದುಕೊಳ್ಳಲಿಲ್ಲ. ಅವುಗಳ ಸರ್ವರ್‌ಗಳೇನೂ ಕೆಟ್ಟಿರಲಿಲ್ಲ. ತಾಣದ ಹೆಸರು ಕೇಳಿದರೆ ಅದರ ಅಂಕಿ ವಿಳಾಸ ಹೇಳಬೇಕಾದ ‘ಡೈನ್’ ಎಂಬ ಕಂಪನಿಯ ಸರ್ವರ್‌ಗಳು ದಾಳಿಗೆ ಸಿಕ್ಕಿ ಉತ್ತರಿಸದಾಗಿದ್ದವು. ದಾಳಿಗೆ ಬಳಕೆಯಾದವು ಜನರ ಮನೆ, ಅಂಗಡಿಗಳ ಕ್ಯಾಮೆರಾಗಳು, ವಿಡಿಯೊ ರೆಕಾರ್ಡರ್‌ಗಳು, ರೌಟರ್‌ಗಳು. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದ ಸಾಧನಗಳನ್ನು ‘ಮಿರಾಯ್’ ಎಂಬ ಕುತಂತ್ರಾಂಶ ಹುಡುಕಿ ಹುಡುಕಿ ವಶಪಡಿಸಿಕೊಂಡಿತ್ತು.

ನಮ್ಮ ಮನೆಗಳಲ್ಲೂ ಈಗ ಟಿವಿ, ಕ್ಯಾಮೆರಾ, ಪ್ರಿಂಟರ್, ಬಲ್ಬು ಎಲ್ಲವೂ ಒಂದೇ ಜಾಲದಲ್ಲಿವೆ. ಯಾವುದರ ಹೆಸರೇನು, ಯಾವುದು ಯಾವುದರ ಜೊತೆ ಮಾತಾಡಬಹುದು ಎಂಬುದನ್ನು ಮನೆಯವರೇ ನಿರ್ಧರಿಸಲು ಸಾಧ್ಯವಿದೆ.

ಮೊದಲು ಹೆಸರಿನ ವಿಷಯ. ಇಂಟರ್ನೆಟ್ಟಿನ ಪೂರ್ವಜನಾದ 1970ರ ದಶಕದ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಕಡತದಲ್ಲಿದ್ದವು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೆಸರು ಸೇರಿದಾಗಲೆಲ್ಲ ಉಳಿದವರು ಹೊಸ ಪ್ರತಿ ಇಳಿಸಿಕೊಳ್ಳಬೇಕಿತ್ತು. ಜಾಲ ಬೆಳೆದಂತೆ ಇದು ಸಾಗದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ ಆ ಭಾರವನ್ನು ಅನೇಕ ಸರ್ವರ್‌ಗಳಿಗೆ ಹಂಚಿತು. ಹಳೆಯ ಕಡತ ಮಾತ್ರ ಅಳಿಯಲಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ‘ಹೋಸ್ಟ್ಸ್’ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಇದೆ. ಡಿಎನ್‌ಎಸ್ ಅನ್ನು ಕೇಳುವ ಮುಂಚೆ ಕಂಪ್ಯೂಟರ್ ಸಾಮಾನ್ಯವಾಗಿ ಇದನ್ನೇ ನೋಡುತ್ತದೆ.

ಒಂದು ಸಾಲಿನಲ್ಲಿ 192.168.1.20ರಂಥ ವಿಳಾಸ, ಪಕ್ಕದಲ್ಲಿ ಜಾಗ ಬಿಟ್ಟು ‘ಪ್ರಿಂಟರ್’ ಎಂಬಂಥ ಹೆಸರು: ಇಷ್ಟೇ ಬರವಣಿಗೆ. ವಿಳಾಸ ಆಗಾಗ ಬದಲಾಗದಂತೆ ರೌಟರ್‌ನಲ್ಲಿ ಅದನ್ನು ಆ ಸಾಧನಕ್ಕೇ ಕಾಯ್ದಿರಿಸಬೇಕು. ಹೆಸರಿನ ಕೊನೆಗೆ ‘ಡಾಟ್ ಲೋಕಲ್’ ಬೇಡ, ಸಾಧನಗಳು ತಾವಾಗಿಯೇ ಒಂದನ್ನೊಂದು ಹುಡುಕಲು ಅದನ್ನು ಬಳಸುತ್ತವೆ. ಮನೆಗಳಿಗೆಂದೇ 2018ರಲ್ಲಿ ‘ಹೋಮ್ ಡಾಟ್ ಅರ್ಪಾ’ ಮೀಸಲಾಗಿದೆ. ಯಾರು ಬೇಕಾದರೂ ತೆರೆದು ಓದಬಹುದಾದ ಇಂಥ ಕಡತಗಳು ಕಡಿಮೆ. ಅದಕ್ಕೇ ನನಗೆ ಇದರ ಮೇಲೆ ಗೌರವ. ಆದರೆ ಕುತಂತ್ರಾಂಶಕ್ಕೂ ಇದರ ಶಕ್ತಿ ಗೊತ್ತು. ನಿಮ್ಮ ಬ್ಯಾಂಕಿನ ಹೆಸರಿನ ಮುಂದೆ ಕಳ್ಳ ವಿಳಾಸ ಬರೆದುಬಿಟ್ಟರೆ ಬ್ರೌಸರ್ ಅಲ್ಲಿಗೇ ಹೋಗುತ್ತದೆ. ಆಗಾಗ ತೆರೆದು, ನೀವು ಬರೆಯದ ಸಾಲು ಇದೆಯೇ ನೋಡಿ.

ಇನ್ನು ಗೋಡೆ. ಸಾಮಾನ್ಯ ನೆಟ್‌ವರ್ಕ್ ಸ್ವಿಚ್ಚಿಗೆ ಜೋಡಿಸಿದ ಸಾಧನಗಳೆಲ್ಲ ಒಂದೇ ಹಜಾರದಲ್ಲಿ ಇದ್ದಂತೆ. ಮ್ಯಾನೇಜ್ಡ್ ಸ್ವಿಚ್ ಅದೇ ಹಜಾರವನ್ನು ಕೋಣೆಗಳಾಗಿ ವಿಂಗಡಿಸುತ್ತದೆ. ಇವುಗಳಿಗೆ ವಿಲ್ಯಾನ್ ಎನ್ನುತ್ತಾರೆ. 802.1ಕ್ಯು ಮಾನದಂಡದ ಪ್ರಕಾರ ಸ್ವಿಚ್ ದತ್ತಾಂಶದ ಪ್ರತಿ ತುಣುಕಿಗೂ 4 ಬೈಟ್‌ಗಳ ಚೀಟಿ ಸೇರಿಸುತ್ತದೆ. ಅದರಲ್ಲಿ 12 ಬಿಟ್‌ಗಳು ಕೋಣೆಯ ಸಂಖ್ಯೆಗೆ; ಬಳಸಬಹುದಾದ ಸಂಖ್ಯೆಗಳು 4094. ಮನೆಗೆ ಮೂರು ಧಾರಾಳ ಸಾಕು: ನಮ್ಮ ಕಂಪ್ಯೂಟರ್‌ಗಳಿಗೆ 10, ಕ್ಯಾಮೆರಾ ಮತ್ತು ಟಿವಿಗೆ 20, ಅತಿಥಿಗಳಿಗೆ 30.

ಕ್ಯಾಮೆರಾಕ್ಕೆ ಈ ಚೀಟಿ ಅರ್ಥವಾಗುವುದಿಲ್ಲ. ಆದ್ದರಿಂದ ಸ್ವಿಚ್ಚಿನ ವಿಲ್ಯಾನ್ ಪುಟದಲ್ಲಿ ಅದನ್ನು ಜೋಡಿಸಿದ ಪೋರ್ಟು 20ರಲ್ಲಿ ‘ಅನ್‌ಟ್ಯಾಗ್ಡ್’ (ಚೀಟಿ ಇಲ್ಲದ್ದು) ಆಗಿರಬೇಕು, ರೌಟರ್ ಕಡೆಯ ಪೋರ್ಟು ಮೂರರಲ್ಲೂ ‘ಟ್ಯಾಗ್ಡ್’. ಹೆಚ್ಚಿನವರು ಎಡವುವುದು ಪಿವಿಐಡಿ ಎಂಬ ಇನ್ನೊಂದು ಪುಟದಲ್ಲಿ. ಹೊರಹೋಗುವ ತುಣುಕಿನ ಚೀಟಿ ತೆಗೆಯಬೇಕೇ ಎಂಬುದು ಮೊದಲ ಪುಟದ ನಿರ್ಧಾರ. ಒಳಬರುವ ತುಣುಕಿಗೆ ಯಾವ ಸಂಖ್ಯೆ ಎಂಬುದು ಪಿವಿಐಡಿಯದು. ಅದನ್ನೂ 20 ಮಾಡದಿದ್ದರೆ ಕ್ಯಾಮೆರಾ ಕಳಿಸಿದ್ದು ಸ್ವಿಚ್ಚಿನಲ್ಲಿ ಮೊದಲಿನಿಂದಲೇ ಇರುವ 1ನೇ ಕೋಣೆಗೇ ಹೋಗುತ್ತದೆ.

ಗೋಡೆ ಕಟ್ಟಿದ ಮೇಲೆ ಬಾಗಿಲಿನ ನಿಯಮ ರೌಟರ್‌ನ ಕೆಲಸ, ಅದಕ್ಕೂ ವಿಲ್ಯಾನ್ ಗೊತ್ತಿರಬೇಕು. 10ರಿಂದ 20ಕ್ಕೆ ಮಾತು ಆರಂಭಿಸಲು ಅನುಮತಿ ಕೊಡಿ, 20ರಿಂದ 10ಕ್ಕೆ ಬೇಡ. ಹೊರಗಿನ ಇಂಟರ್ನೆಟ್ ಅಗತ್ಯವಿಲ್ಲದ ಕ್ಯಾಮೆರಾಕ್ಕೆ ಆ ದಾರಿಯನ್ನೂ ಮುಚ್ಚಿ. ಈ ನಿಯಮಗಳಿಲ್ಲದೆ ವಿಲ್ಯಾನ್ ಒಂದರಿಂದಲೇ ರಕ್ಷಣೆ ಸಿಗುವುದಿಲ್ಲ.

ಕೆಲಸ ಮುಗಿಯುವವರೆಗೆ ಒಂದು ಪೋರ್ಟನ್ನು ಮುಟ್ಟದೆ ಹಾಗೆಯೇ ಬಿಡಿ, ಇಲ್ಲದಿದ್ದರೆ ಸ್ವಿಚ್ಚಿನ ನಿರ್ವಹಣಾ ಪುಟ ನಿಮಗೇ ಸಿಗದೆ ಹೋಗಬಹುದು. ಎಲ್ಲವೂ ಸರಿಯಾದ ಮೇಲೆ ‘ಸೇವ್’ ಒತ್ತುವುದನ್ನು ಮರೆಯಬೇಡಿ; ಅನೇಕ ಸ್ವಿಚ್‌ಗಳಲ್ಲಿ ಉಳಿಸದ ಬದಲಾವಣೆ ಕರೆಂಟು ಹೋದೊಡನೆ ಅಳಿಸಿಹೋಗುತ್ತದೆ. ಯಾವ ಪೋರ್ಟು ಯಾವ ಸಂಖ್ಯೆಗೆ ಎಂದು ಕಾಗದದಲ್ಲಿ ಬರೆದು ಸ್ವಿಚ್ಚಿನ ಪಕ್ಕದಲ್ಲೇ ಅಂಟಿಸಿ.